ಕಾರ್ಡು, ಪಟ್ಟಿ, ಪರೀಕ್ಷೆ: 1960ರ ದಶಕದ ಇಂಗ್ಲೆಂಡಿನಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ

ಕೆಲಸ ಶುರುವಾಗುತ್ತಿದ್ದದ್ದು ಕಾರ್ಡಿನ ಪೆಟ್ಟಿಗೆಯಿಂದ. ಮಗು ಐದನೇ ವಯಸ್ಸಿಗೆ ಶಾಲೆ ಸೇರಿದಾಗ ಅದರ ಹೆಸರಿನಲ್ಲಿ ಒಂದು ವೈದ್ಯಕೀಯ ಕಾರ್ಡ್ ತೆರೆಯುತ್ತಿದ್ದರು. ಹದಿನೈದಕ್ಕೆ ಶಾಲೆ ಬಿಡುವವರೆಗೆ ಮಗು ಎಲ್ಲಿಗೆ ಹೋದರೆ ಕಾರ್ಡೂ ಅಲ್ಲಿಗೆ ಹೋಗಬೇಕು. ಆರೋಗ್ಯ ಇಲಾಖೆಯ ಗುಮಾಸ್ತೆ ಶಾಲೆಯ ಹಾಜರಿ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಈ ಸಲ ಯಾರ ಸರದಿಯೆಂದು ನೋಡಿ ಕಾರ್ಡುಗಳನ್ನು ಎತ್ತಿಡುತ್ತಿದ್ದರು. ಹೊಸದಾಗಿ ಸೇರಿದವರು, ಪ್ರಾಥಮಿಕ ಶಾಲೆಯ ಕೊನೆಯ ವರ್ಷದವರು, ಶಾಲೆ ಬಿಡುವ ವರ್ಷದವರು, ಇವರ ಜೊತೆಗೆ ಹಿಂದಿನ ಸಲ ‘ಮತ್ತೆ ನೋಡಬೇಕು’ ಎಂದು ಗುರುತಾದವರು. ತಪಾಸಣೆಯಿಂದ ಜಾರಿಹೋಗುತ್ತಿದ್ದ ಮಕ್ಕಳಲ್ಲಿ ಬಹಳಷ್ಟು ಮಂದಿ ಜಾರುತ್ತಿದ್ದದ್ದು ಈ ಮೇಜಿನಲ್ಲೇ: ನಡುವರ್ಷದಲ್ಲಿ ಊರು ಬದಲಿಸಿದವರು, ತಪಾಸಣೆಯ ದಿನ ನೆಗಡಿಯೆಂದು ಮನೆಯಲ್ಲಿ ಉಳಿದವರು, ಗಾಡಿಗಳಲ್ಲಿ ಬಂದು ಎರಡು ತಿಂಗಳಿದ್ದು ಹೋಗುವ ಅಲೆಮಾರಿ ಕುಟುಂಬದವರು. ಗೈರುಹಾಜರಾದವರ ಕಾರ್ಡನ್ನು ಪೆಟ್ಟಿಗೆಗೆ ಸೇರಿಸದೆ ಬೇರೆ ಕಟ್ಟಾಗಿ ಇಡುವುದು ಒಳ್ಳೆಯ ಗುಮಾಸ್ತೆಯ ಲಕ್ಷಣ. ಆ ಕಟ್ಟು ಪೆಟ್ಟಿಗೆಯೊಳಗೆ ಬೆರೆತುಹೋದರೆ ಆ ಮಗುವಿನ ಸರದಿ ಮತ್ತೆ ಬರುವುದಕ್ಕೆ ಐದು ವರ್ಷ ಹಿಡಿಯುತ್ತಿತ್ತು.

ಭಾರತದಿಂದ ಹೋಗಿ ಈ ಕೆಲಸಕ್ಕೆ ಸೇರಿದ ನಮ್ಮಂಥ ವೈದ್ಯರಿಗೆ ಮೊದಲು ಅರ್ಥವಾಗಬೇಕಿದ್ದದ್ದು, ಯಾರು ಯಾರ ಕೈಕೆಳಗೆ ಎನ್ನುವುದು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದಾಗ ಆಸ್ಪತ್ರೆಗಳು ಪ್ರಾದೇಶಿಕ ಮಂಡಳಿಗಳ ಪಾಲಾದವು. ಕುಟುಂಬ ವೈದ್ಯರು ಬೇರೆಯದೇ ಕರಾರಿನ ಮೇಲೆ ದುಡಿಯತೊಡಗಿದರು. ಲಸಿಕೆ, ಹೆರಿಗೆ ದಾದಿಯರು, ಮನೆಮನೆಗೆ ಹೋಗುವ ಹೆಲ್ತ್ ವಿಸಿಟರ್‌ಗಳು, ಆಂಬುಲೆನ್ಸ್ ಮಾತ್ರ ಊರಿನ ಕೌನ್ಸಿಲ್ ಬಳಿ ಉಳಿದವು. ಶಾಲಾ ತಪಾಸಣೆ ಅದೇ ಕೌನ್ಸಿಲ್‌ನ ಶಿಕ್ಷಣ ವಿಭಾಗದ ಹೊಣೆ. ಅದು 1907ರ ಕಾಯ್ದೆಯಿಂದ ಹುಟ್ಟಿದ್ದು. 1944ರ ಶಿಕ್ಷಣ ಕಾಯ್ದೆ ಅದಕ್ಕೆ ಉಚಿತ ಚಿಕಿತ್ಸೆಯ ಏರ್ಪಾಡನ್ನೂ ಸೇರಿಸಿತು. ಆರೋಗ್ಯ, ಶಿಕ್ಷಣ, ಈ ಎರಡು ವಿಭಾಗಗಳನ್ನೂ ಹಿಡಿದಿಟ್ಟವರು ಕೌನ್ಸಿಲ್‌ನ ಮುಖ್ಯ ಆರೋಗ್ಯಾಧಿಕಾರಿಯಾದ ಮೆಡಿಕಲ್ ಆಫೀಸರ್ ಆಫ್ ಹೆಲ್ತ್. ಬಹುಪಾಲು ಊರುಗಳಲ್ಲಿ ಅವರೇ ಪ್ರಧಾನ ಶಾಲಾ ವೈದ್ಯಾಧಿಕಾರಿಯೂ ಆಗಿರುತ್ತಿದ್ದರು. ಒಂದು ಬೀದಿಯ ಕೊಳಕು ಮನೆ, ಅಲ್ಲಿನ ಕ್ಷಯರೋಗಿ, ಅದೇ ಮನೆಯ ಮಗುವಿನ ಕಾರ್ಡು, ಮೂರೂ ಒಂದೇ ಸೂರಿನಡಿ ಇರುತ್ತಿದ್ದದ್ದರಿಂದ ಆದ ಲಾಭ ಸಣ್ಣದಲ್ಲ.

ಕಾರ್ಡು ಎತ್ತಿಟ್ಟ ಮೇಲೆ ಮುಖ್ಯೋಪಾಧ್ಯಾಯರ ಮೂಲಕ ಮನೆಗೆ ಪತ್ರ ಹೋಗುತ್ತಿತ್ತು. ಮಗುವಿಗೆ ದಡಾರ, ನಾಯಿಕೆಮ್ಮು ಬಂದಿತ್ತೇ, ಯಾವ ಲಸಿಕೆ ಆಗಿದೆ, ಕಿವಿ ಸೋರುತ್ತದೆಯೇ, ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತದೆಯೇ ಎಂಬ ಪ್ರಶ್ನೆಗಳು, ಜೊತೆಗೆ ತಪಾಸಣೆಗೆ ಬನ್ನಿ ಎಂಬ ಕರೆ. ಐದು ವರ್ಷದವರ ತಾಯಂದಿರು ತಪ್ಪದೆ ಬರುತ್ತಿದ್ದರು. ಹದಿನಾಲ್ಕರ ಹುಡುಗನ ತಾಯಿ ಬಂದರೆ ಮನೆಯಲ್ಲೇನೋ ಚಿಂತೆಯಿದೆ ಎಂದೇ ಲೆಕ್ಕ.

ವೈದ್ಯರು ಬರುವ ಮೊದಲೇ ನರ್ಸ್ ಹೋಗಿ ಎತ್ತರ, ತೂಕ, ದೃಷ್ಟಿ ನೋಡಿ ಮುಗಿಸಿರಬೇಕು. ದೃಷ್ಟಿ ಪರೀಕ್ಷೆಗೆ 20 ಅಡಿ ಉದ್ದದ ಜಾಗ ಬೇಕು. ವಿಕ್ಟೋರಿಯಾ ಕಾಲದ ಶಾಲೆಗಳಲ್ಲಿ ಅಷ್ಟು ಉದ್ದ ಸಿಗುತ್ತಿದ್ದದ್ದು ದೊಡ್ಡ ಹಾಲ್‌ನಲ್ಲಿ ಅಥವಾ ಕಾರಿಡಾರಿನಲ್ಲಿ. ಹಾಲ್ ತುಂಬ ಮಧ್ಯಾಹ್ನದೂಟದ ಮೇಜುಗಳು, ಕಾರಿಡಾರ್ ತುಂಬ ಕತ್ತಲೆ. ಎರಡೂ ಇಲ್ಲದ ಕಡೆ 10 ಅಡಿ ಆಚೆ ಕನ್ನಡಿಯಿಟ್ಟು, ಮಗುವಿನ ತಲೆಯ ಮೇಲ್ಗಡೆ ತಿರುಗುಮುರುಗು ಅಕ್ಷರದ ಫಲಕ ತೂಗುಹಾಕಿದರೆ ದೂರ ಸರಿಹೋಗುತ್ತಿತ್ತು. ಫಲಕದ ಮೇಲೆ ಬೆಳಕು ಸಮನಾಗಿ ಬೀಳಬೇಕು. ಕಿಟಕಿಗೆ ಮುಖಮಾಡಿ ನಿಂತ ಮಗು ಇರುವುದಕ್ಕಿಂತ ಕಡಿಮೆ ಓದುತ್ತದೆ.

ಇಲ್ಲಿ ಕೆಡುವ ಸಂಗತಿಗಳು ಹಲವು. ಸಾಲಿನಲ್ಲಿ ನಿಂತ ಮಕ್ಕಳಿಗೆ ಕೊನೆಯ ಸಾಲಿನ ಅಕ್ಷರಗಳು ಬಾಯಿಪಾಠವಾಗಿಬಿಡುತ್ತವೆ, ಆದ್ದರಿಂದ ಕಾಯುವವರು ಬಾಗಿಲಾಚೆ ನಿಲ್ಲಬೇಕು, ಫಲಕಗಳು ಎರಡು ಮೂರಾದರೂ ಇರಬೇಕು. ಅಂಗೈಯಿಂದ ಕಣ್ಣು ಮುಚ್ಚಿಕೋ ಎಂದರೆ ಬೆರಳಿನ ಸಂದಿಯಲ್ಲಿ ಇಣುಕುತ್ತಾರೆ. ಇಣುಕದಂತೆ ಒತ್ತಿ ಹಿಡಿದರೆ ಆ ಕಣ್ಣು ಮಂಜಾಗಿ, ಅದರ ಸರದಿ ಬಂದಾಗ ತಪ್ಪು ಫಲಿತಾಂಶ ಬರುತ್ತದೆ. ಒಂದು ರಟ್ಟಿನ ತುಂಡು ಸಾಕು. ಎರಡು ಕಣ್ಣನ್ನೂ ಬೇರೆಬೇರೆಯಾಗಿ ನೋಡದಿದ್ದರೆ ಇಡೀ ಪರೀಕ್ಷೆ ವ್ಯರ್ಥ; ಒಂದು ಕಣ್ಣು ಸೋಮಾರಿಯಾಗಿದ್ದರೂ ಇನ್ನೊಂದರಿಂದ ಮಗು 6/6, ಎಂದರೆ ಸಹಜ ದೃಷ್ಟಿಯ ಸಾಲನ್ನು, ಓದಿಬಿಡುತ್ತದೆ (ಕೆಳಗಿನ ಅಂಕಿ ಹೆಚ್ಚಿದಷ್ಟೂ ದೃಷ್ಟಿ ಕಡಿಮೆ). ಅದನ್ನು ಐದಾರು ವರ್ಷದೊಳಗೆ ಹಿಡಿದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ದುರ್ಬಲ ಕಣ್ಣನ್ನು ದುಡಿಸಬಹುದು, ಹತ್ತರಲ್ಲಿ ಹಿಡಿದರೆ ಹೆಚ್ಚೇನೂ ಮಾಡಲಾಗದು ಎಂಬುದು ಆಗಿನ ತಿಳಿವಳಿಕೆ. ಅಕ್ಷರ ಬಾರದ ಐದು ವರ್ಷದವರಿಗೆ ವೈದ್ಯೆ ಮೇರಿ ಶೆರಿಡನ್ ರೂಪಿಸಿದ ಸ್ಟೈಕಾರ್ ಪರೀಕ್ಷೆ ಬಂದ ಮೇಲೆ ಸಲೀಸಾಯಿತು. 10 ಅಡಿ ದೂರದಿಂದ ಒಂದೊಂದೇ ಅಕ್ಷರ ತೋರಿಸಿದರೆ ಮಗು ತನ್ನ ಮಡಿಲಿನ ಫಲಕದಲ್ಲಿ ಅದರಂಥದನ್ನೇ ಮುಟ್ಟಿ ತೋರಿಸಬೇಕು, ಹೆಸರು ಹೇಳಬೇಕಾಗಿಲ್ಲ. ಇಂಗ್ಲಿಷ್ ಬಾರದೆ ಪಂಜಾಬಿನಿಂದಲೋ ಗುಜರಾತಿನಿಂದಲೋ ಆಗತಾನೇ ಬಂದಿಳಿದ ದೊಡ್ಡ ಮಕ್ಕಳಿಗೂ ನಾವು ಇದನ್ನೇ ಬಳಸುತ್ತಿದ್ದೆವು. 6/9 ಬಂದವರು ಮತ್ತೆ ನೋಡುವ ಪಟ್ಟಿಗೆ, 6/12 ಅಥವಾ ಅದಕ್ಕಿಂತ ಕೆಳಗಿನವರು ಕಣ್ಣಿನ ಕ್ಲಿನಿಕ್ಕಿಗೆ.

ಕಿವಿಯದು ಇದಕ್ಕಿಂತ ಕಷ್ಟ. ಹಳೆಯ ಪದ್ಧತಿಯಲ್ಲಿ ಮಗುವನ್ನು ಬೆನ್ನು ತಿರುಗಿಸಿ ನಿಲ್ಲಿಸಿ, 20 ಅಡಿ ಹಿಂದಿನಿಂದ ಪಿಸುಗುಟ್ಟಿದ ಮಾತನ್ನು ಹೇಳಿಸುತ್ತಿದ್ದರು. ಒಬ್ಬೊಬ್ಬರ ಪಿಸುಮಾತು ಒಂದೊಂದು ಬಗೆ, ಅಳತೆಯೇ ಇಲ್ಲ. ಯುದ್ಧಕ್ಕೆ ಮೊದಲೇ ಬಂದಿದ್ದ ಗ್ರಾಮಫೋನ್ ಆಡಿಯೋಮೀಟರ್‌ನಲ್ಲಿ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಇಯರ್‌ಫೋನ್ ಹಾಕಿಕೊಂಡು, ತಗ್ಗುತ್ತ ಹೋಗುವ ದನಿಯಲ್ಲಿ ಹೇಳಿದ ಅಂಕಿಗಳನ್ನು ಬರೆಯಬೇಕಿತ್ತು. ಬರೆಯಲು ಬಾರದ ಚಿಕ್ಕವರಿಗೆ ಅದು ಪ್ರಯೋಜನವಿಲ್ಲ, ಆದರೆ ಹಿಡಿಯಬೇಕಾದದ್ದು ಅವರನ್ನೇ. ಶುದ್ಧ ಸ್ವರದ ಆಡಿಯೋಮೀಟರ್ ಬಂದ ಮೇಲೆ ತರಬೇತಾದ ಒಬ್ಬರು, ದನಿಯ ಮಟ್ಟ ಬದಲಿಸದೆ, ನಾಲ್ಕೈದು ಸ್ವರಗಳನ್ನು ಕೇಳಿಸಿ ಒಂದೊಂದು ಮಗುವನ್ನೂ ಕೆಲವೇ ನಿಮಿಷದಲ್ಲಿ ಮುಗಿಸಬಹುದಾಯಿತು. ಆಟದ ಬಯಲಿನ ಗದ್ದಲವೇ ದೊಡ್ಡ ಶತ್ರು. ಚಳಿಗಾಲದ ನೆಗಡಿಯಲ್ಲಿ ಅರ್ಧ ತರಗತಿ ನಪಾಸಾಗುತ್ತದೆ. ಅವರನ್ನು ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸದೆ ನೇರ ತಜ್ಞರಿಗೆ ಕಳಿಸಿದರೆ ಕ್ಲಿನಿಕ್ ತುಂಬಿ ನಿಜವಾಗಿ ಕಿವಿ ಕೇಳಿಸದ ಮಗು ಸಾಲಿನ ಕೊನೆಗೆ ಹೋಗುತ್ತದೆ.

ವೈದ್ಯರ ಪಾಲಿಗೆ ಒಂದು ಬೆಳಗಿಗೆ ಹದಿನೈದರಿಂದ ಇಪ್ಪತ್ತು ಮಕ್ಕಳು. ಮುಖ್ಯೋಪಾಧ್ಯಾಯರ ಕೋಣೆಯೋ ಶಿಕ್ಷಕರ ಕೋಣೆಯೋ ಸಿಕ್ಕರೆ ಅದೃಷ್ಟ. ಮಗು ಒಳಚಡ್ಡಿಯಲ್ಲಿ ನಿಲ್ಲಬೇಕಾದ್ದರಿಂದ ಕೋಣೆ ಬೆಚ್ಚಗಿರಬೇಕು. ನಡುಗುವ ಮಗುವಿನ ಎದೆಬಡಿತ ಕೇಳಲಾಗದು. ನಡೆಸಿ ನೋಡುವುದರಿಂದ ಶುರು: ಪಾದ, ಬೆನ್ನು, ಭುಜ. ಆಮೇಲೆ ಮೆಳ್ಳೆಗಣ್ಣು, ಕಿವಿ, ಗಂಟಲು, ಕುತ್ತಿಗೆಯ ಗಂಟು, ಹೃದಯ, ಶ್ವಾಸಕೋಶ, ಹೊಟ್ಟೆ, ಹುಡುಗರಲ್ಲಿ ಹರ್ನಿಯಾ ಮತ್ತು ಕೆಳಗಿಳಿಯದ ವೃಷಣ. ಬಾಯಿ ತೆರೆಸುವುದು ಕೊನೆಗೆ, ಅತ್ತರೆ ಬೇರೇನೂ ಕೇಳಿಸುವುದಿಲ್ಲ. ಪ್ರತಿ ದೋಷದ ಮುಂದೆ ‘ಟಿ’ ಅಥವಾ ‘ಓ’: ಚಿಕಿತ್ಸೆ ಬೇಕು, ಅಥವಾ ನಿಗಾ ಇಡಬೇಕು.

ಮೈಕಟ್ಟಿನ ದರ್ಜೆಯೂ ಬರೆಯಬೇಕಿತ್ತು. 1935ರಿಂದ ಪೋಷಣೆಗೆ ನಾಲ್ಕು ದರ್ಜೆಗಳಿದ್ದವು, 1947ರಿಂದ ‘ಸಾಮಾನ್ಯ ಸ್ಥಿತಿ’ ಎಂಬ ಹೆಸರಿನಲ್ಲಿ ಎ, ಬಿ, ಸಿ ಎಂದು ಮೂರಾದವು, 1956ರಿಂದ ‘ತೃಪ್ತಿಕರ’, ‘ಅತೃಪ್ತಿಕರ’ ಎಂದು ಎರಡೇ. ಹಳೆಯ ವಾರ್ಷಿಕ ವರದಿಗಳನ್ನು ಓದುವವರು ಇದನ್ನು ಗಮನಿಸದಿದ್ದರೆ, ಒಂದೇ ವರ್ಷದಲ್ಲಿ ಊರಿನ ಮಕ್ಕಳೆಲ್ಲ ದಷ್ಟಪುಷ್ಟರಾದರೆಂದು ತಿಳಿದಾರು. ದರ್ಜೆಯೇ ಬದಲಾಗದಿದ್ದಾಗಲೂ, ವೈದ್ಯರು ಬದಲಾದರೆ ಅಂಕಿ ಬದಲಾಗುತ್ತಿತ್ತು. ಟಾನ್ಸಿಲ್ ವಿಷಯದಲ್ಲಿ ಇದು ಇನ್ನೂ ಢಾಳಾಗಿತ್ತು. ಊರಿಂದೂರಿಗೆ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ಪ್ರಮಾಣ ಎಷ್ಟೋ ಪಟ್ಟು ಬೇರೆಯಿದೆ, ಅದಕ್ಕೆ ಹವೆ, ಬಡತನ, ಮನೆಯ ಇಕ್ಕಟ್ಟು ಯಾವುದೂ ಕಾರಣವಾಗಿ ಕಾಣುವುದಿಲ್ಲ ಎಂದು ವೈದ್ಯ ಅಲಿಸನ್ ಗ್ಲೋವರ್ 1938ರಲ್ಲೇ ತೋರಿಸಿದ್ದರು. ಉಳಿಯುವ ಕಾರಣ ಒಂದೇ, ಪರೀಕ್ಷಿಸುವವರ ಅಭಿಪ್ರಾಯ. ಏಳು ವರ್ಷದ ಮಗುವಿನ ಟಾನ್ಸಿಲ್ ದೊಡ್ಡದಾಗಿರುವುದು ಸಹಜ ಎಂದು ಒಪ್ಪಿಕೊಳ್ಳಲು ಕೆಲವರಿಗೆ ಇಡೀ ವೃತ್ತಿಜೀವನವೇ ಬೇಕಾಯಿತು.

ಹೃದಯದ ಮರ್ಮರ ಶಬ್ದದಿಂದ ಆದ ಅನ್ಯಾಯ ಬೇರೆ ಬಗೆಯದು. ಮಕ್ಕಳಲ್ಲಿ ಕೇಳುವ ಮರ್ಮರಗಳಲ್ಲಿ ಹೆಚ್ಚಿನವು ನಿರಪಾಯ, ಮಲಗಿಸಿದಾಗ ಕೇಳಿದ್ದು ಕೂಡಿಸಿದಾಗ ಕಡಿಮೆಯಾಗುವುದುಂಟು. ಆದರೆ ಸಂಧಿವಾತ ಜ್ವರ ಮಕ್ಕಳ ಹೃದಯ ಕೆಡಿಸುತ್ತಿದ್ದ ಕಾಲದ ಹೆದರಿಕೆ ಇನ್ನೂ ಇತ್ತು. ಕಾರ್ಡಿನಲ್ಲಿ ‘ಮರ್ಮರ’ ಎಂದು ಬಿದ್ದ ಒಂದು ಪದದಿಂದ ಮಗು ವರ್ಷಗಟ್ಟಲೆ ಆಟದಿಂದ ಹೊರಗೆ ಕೂರುತ್ತಿತ್ತು, ತಾಯಿ ಮೆಟ್ಟಿಲು ಹತ್ತಲೂ ಬಿಡುತ್ತಿರಲಿಲ್ಲ. ‘ಓ’ ಬರೆದವರು ಮುಂದಿನ ಸಲ ನೋಡಿ ಅದನ್ನು ಅಳಿಸಲೇಬೇಕು, ಇಲ್ಲವೇ ‘ಟಿ’ ಮಾಡಬೇಕು. ಎರಡನ್ನೂ ಮಾಡದೆ ಬಿಟ್ಟ ‘ಓ’ ರೋಗಕ್ಕಿಂತ ಕೆಟ್ಟದ್ದು.

‘ಟಿ’ ಆದ ಮಗುವನ್ನು ನೇರ ಆಸ್ಪತ್ರೆಗೆ ಕಳಿಸುವಂತಿಲ್ಲ. ಮೊದಲು ಕುಟುಂಬ ವೈದ್ಯರಿಗೆ ಪತ್ರ, ಅವರ ಒಪ್ಪಿಗೆ, ಆಮೇಲೆ ತಜ್ಞರು. ಈ ಶಿಷ್ಟಾಚಾರ ತಪ್ಪಿದರೆ ಜಗಳ ಖಚಿತ. ಪತ್ರ ಹೋಯಿತೆಂದರೆ ಚಿಕಿತ್ಸೆ ಆಯಿತೆಂದಲ್ಲ. ಕನ್ನಡಕದ ಚೀಟಿ ಅಲಮಾರಿಯ ಮೇಲೆ ಧೂಳು ಹಿಡಿಯುತ್ತದೆ, ತಂದೆಯ ಪಾಳಿ ಬದಲಾದದ್ದಕ್ಕೆ ಕ್ಲಿನಿಕ್ಕಿನ ದಿನ ತಪ್ಪುತ್ತದೆ. ಶಾಲಾ ನರ್ಸ್ ಸಾಮಾನ್ಯವಾಗಿ ಅದೇ ಬೀದಿಗಳ ಹೆಲ್ತ್ ವಿಸಿಟರೂ ಆಗಿರುತ್ತಿದ್ದರು, ಆ ಮನೆಯ ಕೂಸನ್ನು ತೂಗಲು ಹೋದಾಗ ದೊಡ್ಡವನ ಕನ್ನಡಕ ಏನಾಯಿತೆಂದು ಕೇಳಿಯೇ ಬರುತ್ತಿದ್ದರು. ಸೇವೆ ನಿಂತಿದ್ದದ್ದು ಈ ಕೇಳಿಬರುವುದರ ಮೇಲೆ. ವೈದ್ಯರ ಹತ್ತು ನಿಮಿಷ ಅದಕ್ಕೊಂದು ನೆಪ ಎಂದರೂ ತಪ್ಪಿಲ್ಲ.

ಇನ್ನು ಹೇನು. ಪ್ರತಿ ಟರ್ಮ್‌ನ ಆರಂಭದಲ್ಲಿ ನರ್ಸ್ ಇಡೀ ಶಾಲೆಯ ತಲೆ ನೋಡುತ್ತಿದ್ದರು. ಮಕ್ಕಳು ಆಕೆಗೆ ಇಟ್ಟ ಅಡ್ಡಹೆಸರು ‘ನಿಟ್ಟಿ ನೋರಾ’ (ಇಂಗ್ಲಿಷಿನಲ್ಲಿ ‘ನಿಟ್’ ಎಂದರೆ ಸೀರು). ನೋಡಬೇಕಾದ ಜಾಗ ಕಿವಿಯ ಹಿಂದೆ ಮತ್ತು ಹಿಂಗತ್ತಿನ ಕೂದಲ ಬುಡ. ಬೆಳಕು ಬಿದ್ದರೆ ಹೇನು ಓಡುತ್ತದೆ, ಸೀರು ಓಡುವುದಿಲ್ಲ. ಹೊಟ್ಟಾದರೆ ಊದಿದರೆ ಜಾರುತ್ತದೆ, ಸೀರು ಕೂದಲಿಗೆ ಅಂಟಿರುತ್ತದೆ. ನೆತ್ತಿಯಿಂದ ಕಾಲು ಇಂಚಿನೊಳಗಿನ ಸೀರು ಜೀವಂತ ಇರಬಹುದು. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುವುದರಿಂದ, ದೂರದಲ್ಲಿರುವುದು ಒಡೆದ ಚಿಪ್ಪು. ಈ ವ್ಯತ್ಯಾಸ ಮಾಡದ ನರ್ಸ್ ಎಂದೋ ಗುಣವಾದ ಹುಡುಗಿಯನ್ನು ಮತ್ತೆ ಮನೆಗಟ್ಟಿ ಅವಮಾನಿಸುತ್ತಿದ್ದರು.

1944ರ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಮೊದಲು ತಂದೆತಾಯಿಗೆ ನೋಟಿಸ್, ತಲೆ ಮತ್ತು ಬಟ್ಟೆ ಸ್ವಚ್ಛ ಮಾಡಲು ಕನಿಷ್ಠ 24 ಗಂಟೆಯ ಗಡುವು. ಆಗಲೂ ಆಗದಿದ್ದರೆ ವೈದ್ಯಾಧಿಕಾರಿಯ ಆದೇಶದ ಮೇಲೆ ಮಗುವನ್ನು ಶುದ್ಧೀಕರಣ ಕೇಂದ್ರಕ್ಕೆ ಒಯ್ಯಬಹುದಿತ್ತು. ಹುಡುಗಿಯರನ್ನು ಪರೀಕ್ಷಿಸುವವರೂ ಶುದ್ಧ ಮಾಡುವವರೂ ವೈದ್ಯರಲ್ಲದಿದ್ದರೆ ಹೆಂಗಸರೇ ಆಗಿರಬೇಕಿತ್ತು. ಔಷಧ ಸುಲಭವಿತ್ತು: ಡಿಡಿಟಿ ಎಮಲ್ಷನ್, ಆಮೇಲೆ ಗಾಮಾ ಬಿಎಚ್‌ಸಿ. ಇವು ಸೀರನ್ನು ಕೊಲ್ಲುವುದಿಲ್ಲ. ಕೂದಲಲ್ಲಿ ಉಳಿದುಕೊಂಡು, ಏಳರಿಂದ ಹತ್ತು ದಿನದಲ್ಲಿ ಒಡೆದು ಬರುವ ಮರಿಯನ್ನು ಕೊಲ್ಲುತ್ತವೆ. ಹಾಗಾಗಿ ಹಚ್ಚಿದ ಮೇಲೆ ಕೆಲವು ದಿನ ತಲೆ ತೊಳೆಯಬಾರದು. ನಾಚಿಕೆಗೆ ತಾಯಿ ಆ ರಾತ್ರಿಯೇ ಸೋಪು ಹಾಕಿ ತೊಳೆದುಬಿಡುತ್ತಿದ್ದಳು, ಹತ್ತನೇ ದಿನ ಹೇನು ಮತ್ತೆ ಹಾಜರ್. ಅದಕ್ಕಿಂತ ದೊಡ್ಡ ಸೋಲೆಂದರೆ, ಶಾಲೆಗೆ ಬರುವ ತಲೆಯನ್ನಷ್ಟೇ ನೋಡಿ, ಮನೆಯಲ್ಲಿರುವ ಅಮ್ಮ, ಕೆಲಸಕ್ಕೆ ಹೋಗುವ ಅಕ್ಕ, ಇನ್ನೂ ಶಾಲೆಗೆ ಸೇರದ ತಮ್ಮನ ತಲೆಗಳನ್ನು ಬಿಡುವುದು. 1940ರ ದಶಕದ ಆರಂಭದಲ್ಲೇ ಕೀಟತಜ್ಞ ಕೆನೆತ್ ಮೆಲಾನ್ಬಿ, ಶಾಲಾ ವರದಿಗಳಲ್ಲಿ ಬರುವುದಕ್ಕಿಂತ ಹೇನು ಬಹಳ ಹೆಚ್ಚಿದೆ ಎಂದು ತೋರಿಸಿದ್ದರು. 60ರ ದಶಕ ಮುಗಿಯುವ ಹೊತ್ತಿಗೆ ಹೇನುಗಳು ಡಿಡಿಟಿಗೂ ಬಿಎಚ್‌ಸಿಗೂ ಬಗ್ಗದಾದವು, ಮೆಲಥಿಯಾನ್ ಬಂತು.

ತಲೆಯ ಹುಳುಕಡ್ಡಿ ಹಿಡಿಯಲು ನೇರಳಾತೀತ ಬೆಳಕಿನ ವುಡ್ಸ್ ದೀಪ. ಕತ್ತಲ ಕೋಣೆಯಲ್ಲಿ ಸೋಂಕಿದ ಕೂದಲು ಹಸಿರಾಗಿ ಹೊಳೆಯುತ್ತಿತ್ತು. ಮೊದಲು ಎಕ್ಸ್-ರೇ ಹಾಯಿಸಿ ತಲೆಗೂದಲೆಲ್ಲ ಉದುರಿಸುವುದೇ ಚಿಕಿತ್ಸೆಯಾಗಿತ್ತು. 1958ರ ನಂತರ ಗ್ರಿಸಿಯೋಫುಲ್ವಿನ್ ಮಾತ್ರೆ ಆ ಪೀಡೆಯನ್ನು ತಪ್ಪಿಸಿತು. ಹಾಲಿನ ಬಗ್ಗೆ ಹೇಳುವುದು ಕಡಿಮೆ: 1946ರಿಂದ ಪ್ರತಿ ಮಗುವಿಗೂ ದಿನಕ್ಕೆ ಮೂರನೇ ಒಂದು ಪೈಂಟ್ ಉಚಿತ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಮುಚ್ಚಳ ಮೇಲೆತ್ತುತ್ತಿತ್ತು, ಕರಗಲೆಂದು ರೇಡಿಯೇಟರ್ ಪಕ್ಕ ಇಟ್ಟು ಮರೆತರೆ ಬೆಚ್ಚಗಾಗಿ ಯಾರೂ ಕುಡಿಯುತ್ತಿರಲಿಲ್ಲ.

ಹದಿಮೂರರ ವಯಸ್ಸಿನವರಿಗೆ ಕ್ಷಯದ ಲಸಿಕೆಯಾದ ಬಿಸಿಜಿ 1953ರಲ್ಲಿ ಶುರುವಾಯಿತು. ಇದು ಶಾಲಾ ಸೇವೆಯ ಅತ್ಯಂತ ಕರಾರುವಾಕ್ಕಾದ ಕೆಲಸವಾಗಿತ್ತು, ಅದಕ್ಕೇ ತಪ್ಪಿಗೂ ಜಾಗ ಹೆಚ್ಚಿತ್ತು. ಮೊದಲ ಭೇಟಿಯಲ್ಲಿ, ಕ್ಷಯದ ಸೋಂಕು ಈಗಾಗಲೇ ತಗಲಿದೆಯೇ ಎಂದು ನೋಡುವ ಹೀಫ್ ಪರೀಕ್ಷೆ. ಎಡ ಮುಂಗೈಯ ಒಳಬದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಆರಲು ಬಿಟ್ಟು, ಕ್ಷಯದ ರೋಗಾಣುವಿನಿಂದ ತೆಗೆದ ಟ್ಯೂಬರ್ಕುಲಿನ್ ದ್ರವವನ್ನು ತೆಳುವಾಗಿ ಸವರಿ, ಆರು ಸೂಜಿಗಳ ಉಪಕರಣವನ್ನು ಚರ್ಮಕ್ಕೆ ಒತ್ತಿ ಚಿಮ್ಮಿಸಬೇಕು. ಸೂಜಿ ಒಳಹೋಗುವುದು 2 ಮಿಲಿಮೀಟರ್. ಒಬ್ಬರಾದ ಮೇಲೆ ಇನ್ನೊಬ್ಬರಿಗೆ ಮೊದಲು ಸೂಜಿಗಳನ್ನು ಸ್ಪಿರಿಟ್‌ನಲ್ಲಿ ಅದ್ದಿ ಉರಿಸಬೇಕು, ಆಮೇಲೆ ತಣಿಯಲು ಬಿಡಬೇಕು. ಉದ್ದ ಸಾಲು ಕಂಡು ಅವಸರಪಟ್ಟರೆ ಬಿಸಿ ಸೂಜಿ ಚರ್ಮ ಸುಡುವುದಲ್ಲದೆ ಟ್ಯೂಬರ್ಕುಲಿನ್ನನ್ನೂ ಕೆಡಿಸುತ್ತದೆ. ಆಗ ಸೋಂಕಿದ್ದ ಮಗುವೂ ಸೋಂಕಿಲ್ಲದಂತೆ ಕಾಣುತ್ತದೆ. ಉಪಕರಣಗಳನ್ನು ಎರಡು ಮೂರು ಇಟ್ಟುಕೊಂಡು ಸರದಿಯ ಮೇಲೆ ಬಳಸುವುದು ಇದಕ್ಕೆ ಪರಿಹಾರ. ಸ್ಪಿರಿಟ್ ಬಟ್ಟಲು ಮತ್ತು ದೀಪ ಮಕ್ಕಳ ಕೈಗೆಟುಕದ ಮೇಜಿನ ಮೇಲೆ.

ಮೂರರಿಂದ ಏಳು ದಿನದೊಳಗೆ ಓದಬೇಕು. ಕಣ್ಣಿಗಿಂತ ಬೆರಳು ಮುಖ್ಯ: ಕೆಂಪಿಗೆ ಬೆಲೆಯಿಲ್ಲ, ಗಟ್ಟಿತನಕ್ಕೆ ಬೆಲೆ. ನಾಲ್ಕು ಅಥವಾ ಹೆಚ್ಚು ಬಿಡಿ ಗುಳ್ಳೆಗಳಿದ್ದರೆ ಒಂದನೇ ದರ್ಜೆ, ಅವು ಕೂಡಿ ಉಂಗುರವಾಗಿದ್ದರೆ ಎರಡು, ಉಂಗುರದ ನಡುವೂ ಗಟ್ಟಿಯಾಗಿ ಬಿಲ್ಲೆಯಂತಾದರೆ ಮೂರು, ಅದಕ್ಕೂ ದೊಡ್ಡದಾಗಿ ಅಥವಾ ನೀರುಗುಳ್ಳೆ ಎದ್ದರೆ ನಾಲ್ಕು. ಪ್ರತಿಕ್ರಿಯೆ ಬಾರದವರಿಗೆ ಅಲ್ಲೇ ಬಿಸಿಜಿ. ಬಲವಾಗಿ ಬಂದವರಿಗೆ ಎದೆಯ ಎಕ್ಸ್-ರೇ, ಜೊತೆಗೆ ಮನೆಯವರ ವಿಚಾರಣೆ. ಕೆಮ್ಮುವ ಅಜ್ಜ ಸಿಕ್ಕಿಬೀಳುತ್ತಿದ್ದದ್ದು ಮೊಮ್ಮಗಳ ಮುಂಗೈಯಿಂದ. ಒಂದೇ ತರಗತಿಯಲ್ಲಿ ಹಲವರಿಗೆ ಬಲವಾಗಿ ಬಂದರೆ ಶಿಕ್ಷಕರಿಗೂ ಎಕ್ಸ್-ರೇ. ಭಾರತದಿಂದ ಬಂದ ಮಕ್ಕಳ ಪರೀಕ್ಷೆ ಓದುವ ಮೊದಲು ತೋಳು ಬಿಚ್ಚಿಸಿ ಹಳೆಯ ಬಿಸಿಜಿ ಕಲೆಯಿದೆಯೇ ನೋಡಬೇಕು. ನಮ್ಮಲ್ಲಿ 1950ರ ದಶಕದಲ್ಲಿ ಸಾಮೂಹಿಕ ಬಿಸಿಜಿ ಆಂದೋಲನ ನಡೆದಿತ್ತೆಂಬುದು ಅಲ್ಲಿನ ಎಷ್ಟೋ ವೈದ್ಯರಿಗೆ ಹೊಳೆಯುತ್ತಿರಲಿಲ್ಲ.

ಬಿಸಿಜಿ ಪ್ರಮಾಣ 0.1 ಮಿಲಿಲೀಟರ್, ಎಡ ತೋಳಿನ ಮೇಲ್ಭಾಗದಲ್ಲಿ, ಡೆಲ್ಟಾಯ್ಡ್ ಸ್ನಾಯು ಮೂಳೆಗೆ ಅಂಟುವ ಕಡೆ, ಚರ್ಮದ ಪದರದೊಳಗೆ. ಸೂಜಿ ಸರಿಯಾದ ಪದರದಲ್ಲಿದ್ದರೆ ಪಿಸ್ಟನ್ ತಳ್ಳಲು ಬಿಗಿಯಾಗುತ್ತದೆ, ಬಿಳಿಚಿದ ಉಬ್ಬು ಏಳುತ್ತದೆ. ಸಲೀಸಾಗಿ ಹೋಯಿತೆಂದರೆ ಚರ್ಮದ ಕೆಳಗೆ ಹೋಗಿದೆ, ಕೀವಿನ ಗಂಟಾಗಬಹುದು. ಭುಜದ ತುದಿಗೆ ಹತ್ತಿರ ಕೊಟ್ಟರೆ ದಪ್ಪ ಕಲೆ ಬೆಳೆಯುವ ಸಂಭವ ಹೆಚ್ಚು. ಎರಡು ಮೂರು ವಾರದಲ್ಲಿ ಗುಳ್ಳೆ, ಆಮೇಲೆ ಹುಣ್ಣು, ನಿಧಾನವಾಗಿ ತಾನೇ ಒಣಗುತ್ತದೆ. ಗಾಳಿಯಾಡದ ಪ್ಲಾಸ್ಟರ್ ಅಂಟಿಸಬಾರದು. ಮೂರು ತಿಂಗಳು ಆ ತೋಳಿಗೆ ಬೇರೆ ಚುಚ್ಚುಮದ್ದು ಬೇಡ. 1950ರಲ್ಲಿ ಆರಂಭವಾದ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ದೊಡ್ಡ ಪ್ರಯೋಗದಲ್ಲಿ ಶೇಕಡ 80ರಷ್ಟು ರಕ್ಷಣೆ ಕಂಡಿದ್ದರಿಂದ ಈ ಶ್ರಮಕ್ಕೆ ಅರ್ಥವಿತ್ತು.

ಗಂಟಲುಮಾರಿಯ ಲಸಿಕೆ ಅಷ್ಟರಲ್ಲಿ ಹಳೆಯ ಗೆಲುವು: 1940ರಲ್ಲಿ ಬ್ರಿಟನ್ನಿನಲ್ಲಿ 61,000ಕ್ಕೂ ಹೆಚ್ಚು ಪ್ರಕರಣ, 3,283 ಸಾವು, 1957ರಲ್ಲಿ 38 ಪ್ರಕರಣ, 6 ಸಾವು. ಆ ಗೆಲುವೇ ತೊಡಕೂ ಆಯಿತು, ರೋಗ ಕಾಣದ ತಾಯಂದಿರಿಗೆ ಎರಡನೇ ಡೋಸಿನ ನೆನಪಿರುತ್ತಿರಲಿಲ್ಲ. ಪೋಲಿಯೋದ್ದು ಇದಕ್ಕೆ ವಿರುದ್ಧ. 1956ರಲ್ಲಿ ಚುಚ್ಚುಮದ್ದು ಬಂದರೂ ಹರೆಯದವರು ಬರುತ್ತಿರಲಿಲ್ಲ. 1959ರ ಏಪ್ರಿಲ್‌ನಲ್ಲಿ ಫುಟ್‌ಬಾಲ್ ಆಟಗಾರ ಜೆಫ್ ಹಾಲ್ ಪೋಲಿಯೋದಿಂದ ಸತ್ತಾಗ ಕ್ಲಿನಿಕ್ಕುಗಳ ಮುಂದೆ ಸಾಲು ನಿಂತಿತು, ದಾಸ್ತಾನು ಸಾಲದಾಯಿತು. 1962ರಿಂದ ಸಕ್ಕರೆ ಗಟ್ಟಿಯ ಮೇಲೆ ಹನಿ ಹಾಕಿ ಕೊಡುವ ಸೇಬಿನ್ ಲಸಿಕೆ ಬಂದು ಸಿರಿಂಜ್ ಕುದಿಸುವ ಗೋಳು ತಪ್ಪಿತು.

ಎಲ್ಲಕ್ಕಿಂತ ಭಾರದ ಹೊಣೆ, ಯಾವ ಮಗು ವಿಶೇಷ ಶಾಲೆಗೆ ಎಂದು ನಿರ್ಧರಿಸುವುದು. 1945ರ ನಿಯಮಗಳಲ್ಲಿ ಅಂಥ ಮಕ್ಕಳ 11 ವರ್ಗಗಳಿದ್ದವು. ಅವುಗಳಲ್ಲಿ ‘ಶೈಕ್ಷಣಿಕವಾಗಿ ಸಾಮಾನ್ಯಕ್ಕಿಂತ ಕೆಳಗಿನವರು’ ಎಂಬುದಕ್ಕೆ ಶಾಲಾ ವೈದ್ಯರೇ ಟರ್ಮನ್-ಮೆರಿಲ್ ಬುದ್ಧಿ ಪರೀಕ್ಷೆ ನಡೆಸುತ್ತಿದ್ದರು. ಇಂಗ್ಲಿಷ್ ಮನೆಮಾತಲ್ಲದ ಮಗುವಿಗೆ, ಅರ್ಧ ಕಿವುಡಾದ ಮಗುವಿಗೆ, ಕೆರಿಬಿಯನ್ ದ್ವೀಪಗಳಿಂದ ನಿನ್ನೆ ಮೊನ್ನೆ ಬಂದ ಮಗುವಿಗೆ ಅದು ಬುದ್ಧಿಯ ಅಳತೆಯೇ ಅಲ್ಲ. ಮೊದಲು ಕಿವಿ, ಆಮೇಲೆ ಕಣ್ಣು, ಆಮೇಲೆ ಹಾಜರಿ ಪುಸ್ತಕ, ಕೊನೆಗೆ ಬುದ್ಧಿ ಪರೀಕ್ಷೆ ಎಂಬ ಕ್ರಮ ತಪ್ಪಿದ ಕಡೆಯಲ್ಲೆಲ್ಲ ತಪ್ಪು ಶಾಲೆಗೆ ಹೋದ ಮಕ್ಕಳಿದ್ದರು. 1944ರ ಕಾಯ್ದೆಯ 57ನೇ ಸೆಕ್ಷನ್ ಇನ್ನೂ ಕಠಿಣ: ಕಲಿಸಲಾಗದ ಮಗುವೆಂದು ವರದಿಯಾದರೆ ಶಿಕ್ಷಣ ವ್ಯವಸ್ಥೆಯಿಂದಲೇ ಹೊರಗೆ. ಆ ಬಾಗಿಲು ತೆರೆದದ್ದು 1970ರ ಕಾಯ್ದೆಯ ನಂತರ.

1959ರ ನಿಯಮಗಳು ನಡುವಣ ತಪಾಸಣೆ (ಪ್ರಾಥಮಿಕ ಶಾಲೆಯ ಕೊನೆಯ ವರ್ಷದ್ದು) ಕೈಬಿಟ್ಟು, ತಾಯಿಯ ಉತ್ತರಪತ್ರ ಮತ್ತು ಶಿಕ್ಷಕರ ಮಾತಿನ ಮೇಲೆ ಆಯ್ದ ಮಕ್ಕಳನ್ನಷ್ಟೇ ನೋಡಲು ಅವಕಾಶ ಕೊಟ್ಟವು. ಒಳ್ಳೆಯದೇ. ಆದರೆ ಉತ್ತರಪತ್ರ ಹಿಂದಿರುಗಿಸದ ಮನೆಯ ಮಗುವನ್ನು ಕಡ್ಡಾಯವಾಗಿ ನೋಡಬೇಕು, ಏಕೆಂದರೆ ತೊಂದರೆ ಇರುವುದು ಹೆಚ್ಚಾಗಿ ಅಂಥ ಮನೆಯಲ್ಲೇ.

ಶಾಲೆ ಬಿಡುವವರ ತಪಾಸಣೆಯ ಫಲ ಯುವಜನರ ಉದ್ಯೋಗಾಧಿಕಾರಿಗೆ ಹೋಗುತ್ತಿತ್ತು. ರೋಗದ ಹೆಸರು ಬರೆಯುವಂತಿಲ್ಲ, ಯಾವ ಬಗೆಯ ಕೆಲಸ ಆಗದು ಎಂದಷ್ಟೇ: ಎತ್ತರದ ಜಾಗ, ಧೂಳು, ತೇವ, ತಿರುಗುವ ಯಂತ್ರ, ಬಣ್ಣ ಗುರುತಿಸಬೇಕಾದ ಕೆಲಸ. ಕೊನೆಯದು ಹುಡುಗರಿಗೆ ದೊಡ್ಡದು, ನೂರಕ್ಕೆ ಸುಮಾರು ಎಂಟು ಮಂದಿಗೆ ಬಣ್ಣದ ದೋಷವಿರುತ್ತದೆ. ಬಣ್ಣದ ಚುಕ್ಕಿಗಳಲ್ಲಿ ಅಂಕಿ ಅಡಗಿಸಿದ ಇಶಿಹಾರ ಪುಟಗಳನ್ನು ಹಗಲು ಬೆಳಕಿನಲ್ಲೇ ತೋರಿಸಬೇಕು, ಹಳದಿ ಬಲ್ಬಿನಡಿ ಕೆಲವರು ದೋಷವಿದ್ದರೂ ಪಾಸಾಗಿಬಿಡುತ್ತಾರೆ. ಪರೀಕ್ಷೆಯನ್ನು ಹನ್ನೊಂದು ಹನ್ನೆರಡಕ್ಕೇ ಮುಗಿಸಿ ಕಾರ್ಡಿನಲ್ಲಿ ಬರೆದಿಟ್ಟರೆ ಹುಡುಗನಿಗೆ ಬೇರೆ ದಾರಿ ಯೋಚಿಸಲು ಹೊತ್ತಿರುತ್ತದೆ. ಕೊನೆಯ ವರ್ಷಕ್ಕೆ ಬಿಟ್ಟರೆ, ಅಷ್ಟರಲ್ಲಿ ಅವನು ಅಪ್ಪನ ಜೊತೆ ಹೋಗಿ ರೈಲ್ವೆಯಲ್ಲೋ ಎಲೆಕ್ಟ್ರಿಕ್ ಅಂಗಡಿಯಲ್ಲೋ ಕೆಲಸಕ್ಕೆ ಮಾತಾಡಿಕೊಂಡು ಬಂದಿರುತ್ತಾನೆ.